ಸಾಡೇ ಕಾರು

ಮೊನ್ನೆ ಮುಂಜಾನೆ ಚಹಾ ಕುಡಿಯುತ್ತ ಕೂತಿದ್ದಾಗ ನಮ್ಮ ನಡುಮನೆಯ ಬಾಗಿಲು ಗಾಳಿಗೆ ಧಡ್ಡೆಂದು ಬಡಿದುಕೊಂಡಿತು. ಇದರಲ್ಲಿ ಹೇಳುವಂಥದ್ದೇನಿದೆ, ಬಾಗಿಲು ಇರುವುದೇ ಬಡಿದುಕೊಳ್ಳುವುದಕ್ಕೆ ಎಂದು ನೀವು ಅನ್ನಬಹುದು. ಆದರೆ ಈ ಬಾಗಿಲು ಬಡಿದುಕೊಂಡು ಅರ್ಧ ಶತಮಾನದ ಮೇಲಾಗಿತ್ತು. ಅದರ ಬುಡದಲ್ಲಿ ಒಂದು ಜಾಲಿಕಟ್ಟಿಗೆಯ ಬೆಣೆ ಇರುತ್ತದೆ. ಅಂಗೈಯಷ್ಟು ಉದ್ದ, ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು, ಎಣ್ಣೆ ಕುಡಿದು ಕಪ್ಪಾದದ್ದು. ಎದ್ದು ಹೋಗಿ ನೋಡಿದರೆ ಅದು ಅಲ್ಲಿರಲಿಲ್ಲ.

“ಆ ಕಟಗಿ ತುಂಡೇನ್ರಿ ಅಜ್ಜಿ? ಹುಳಾ ಹತ್ತೀತಂತ ನಿನ್ನೆ ಕಸದ ಬುಟ್ಟಿಗೆ ಒಗದೇನಿ. ರಬ್ಬರಿಂದು ಹೊಸಾದು ತರಸಾಕತ್ತೇನಿ, ನಾಳೆ ಬರತೈತಿ,” ಎಂದಳು ಅಕ್ಷತಾ.

ಅಕ್ಷತಾ ನನ್ನ ಮೊಮ್ಮಗನ ಹೆಂಡತಿ. ಮದುವೆಯಾಗಿ ನಾಲ್ಕು ತಿಂಗಳು. ತಿಕೋಟಾದಲ್ಲಿ ಸರಕಾರಿ ನೌಕರಿ. ಒಳ್ಳೆಯ ಹುಡುಗಿ, ಮನೆ ಕನ್ನಡಿಯಂತೆ ಇಡುತ್ತಾಳೆ; ಅದೇ ತೊಂದರೆ. ನನ್ನಂಥ ನಿವೃತ್ತ ಹೆಡ್ ಮಿಸ್ಟ್ರೆಸ್, ಎಂಬತ್ತು ದಾಟಿದ ಹೆಂಗಸು, ಕಸದ ಬುಟ್ಟಿಗೆ ಮೊಳಕೈತನಕ ಕೈ ಹಾಕಿ ಉಳ್ಳಾಗಡ್ಡಿ ಸಿಪ್ಪೆಯ ಕೆಳಗಿನಿಂದ ಒಂದು ಕಟ್ಟಿಗೆ ತುಂಡನ್ನು ಹೊರಗೆ ತೆಗೆದು ಸೆರಗಿನಿಂದ ಒರೆಸುವುದನ್ನು ಅವಳು ಬಾಯಿ ತೆರೆದು ನೋಡಿದಳು. ಅವಳಿಗೆ ನನ್ನ ಮೇಲೆ ಮೊದಲೇ ಸಣ್ಣದೊಂದು ಸಿಟ್ಟಿತ್ತು. ಹೊಸದಾಗಿ ಕಾರು ಕಲಿತಿದ್ದಾಳೆ, ಲೈಸೆನ್ಸೂ ಬಂದಿದೆ, ಆದರೆ ಒಬ್ಬಳೇ ತಿಕೋಟಾ ರಸ್ತೆಗೆ ಇಳಿಯಲು ಧೈರ್ಯ ಸಾಲದು. ಮೊಮ್ಮಗನಿಗೆ ಮುಂಜಾನೆ ಬಿಡುವಿಲ್ಲ. “ಎರಡ ದಿನಾ ಬಾಜೂಕ ಸುಮ್ಮ ಕುಂದರ್ರಿ ಅಜ್ಜಿ, ಸಾಕು,” ಎಂದು ನನ್ನನ್ನು ಒಂದು ವಾರದಿಂದ ಕೇಳುತ್ತಿದ್ದಳು. ಮೊಣಕಾಲು ನೋವು ಎಂದು ಹೇಳಿದ್ದೆ. ನಿಜ ಹೇಳಬೇಕೆಂದರೆ ಮೊಣಕಾಲು ಚೆನ್ನಾಗಿಯೇ ಇದೆ, ಅಂಜಿಕೆ.

“ಇದು ಕಟಗಿ ತುಂಡಲ್ಲವ್ವಾ. ಇದು ನಮ್ಮ ಸಾಡೇ ಕಾರಿನ ಬೆಣಿ,” ಎಂದೆ.

ಸಾಡೇ ಕಾರೆಂದರೇನು ಎಂದು ಅವಳೂ ಕೇಳಿದಳು, ನೀವೂ ಕೇಳುತ್ತೀರಿ. ಕೂತುಕೊಳ್ಳಿ, ಹೇಳುತ್ತೇನೆ. ಈ ಕಥೆಯನ್ನು ನಾನು ನೂರು ಸಲ ಹೇಳಿದ್ದೇನೆ, ಪ್ರತಿಸಲವೂ ಜನ ನಕ್ಕಿದ್ದಾರೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಈಗಿನ ವಿಜಯಪುರ ಆಗ ವಿಜಾಪುರ. ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಮ್ಮವರು ತಿಕೋಟಾದ ದನದ ದವಾಖಾನೆಯಲ್ಲಿ ಡಾಕ್ಟರು. ನಾನು ಊರಿನಲ್ಲೇ ಮಾಸ್ತರಿಕೆ ಮಾಡಿಕೊಂಡು ಸುಖವಾಗಿದ್ದೆ. ಒಂದು ದಿನ ವರ್ಗದ ಕಾಗದ ಬಂತು: ಬಬಲೇಶ್ವರದ ಹೆಣ್ಣುಮಕ್ಕಳ ಶಾಲೆಗೆ. ಹದಿನೈದು ಮೈಲು.

ಅತ್ತೆಯವರು ನೌಕರಿ ಬೇಡ ಎನ್ನಲಿಲ್ಲ. ಎರಡು ಷರತ್ತು ಹಾಕಿದರು. ಮೊದಲನೆಯದು, ಸಂಜೆ ಮನೆಗೆ ಬರಲೇಬೇಕು, ಪರವೂರಿನಲ್ಲಿ ಖೋಲಿ ಹಿಡಿದು ಇರುವಂತಿಲ್ಲ. ಎರಡನೆಯದು, ಗಂಡನ ಫಟಫಟಿಯ ಹಿಂದೆ ಕೂಡುವಂತಿಲ್ಲ. ನಮ್ಮ ಕಡೆ ಆಗ ಮೋಟರ್ ಸೈಕಲ್ಲಿಗೆ ಫಟಫಟಿ ಎಂದೇ ಹೆಸರು.

“ಬಬಲೇಶ್ವರ ನನ್ನ ತವರಮನಿ ಊರು,” ಎಂದರು ಅತ್ತೆ. “ನಮ್ಮ ಅಣ್ಣ-ತಮ್ಮಂದಿರು ಕಟ್ಟಿ ಮ್ಯಾಲ ಕುಂತಿರತಾರ. ಅವರ ಮುಂದ ನನ್ನ ಸೊಸಿ ಗಂಡನ ನಡಾ ಹಿಡಕೊಂಡು ಫಟಫಟಿ ಮ್ಯಾಲ ಬಂದ್ಲಂದ್ರ ನಾ ಎಲ್ಲಿ ಮಾರಿ ಇಟಗೊಳ್ಳಲಿ?”

ಉಳಿದ ದಿನ ಬಸ್ಸು ಸಾಕಾಗುತ್ತಿತ್ತು. ಶನಿವಾರ ಮಾತ್ರ ಬೆಳಗಿನ ಶಾಲೆ, ಏಳೂವರೆಗೆ ಗಂಟೆ. ಮೊದಲ ಬಸ್ಸು ಬಬಲೇಶ್ವರ ಮುಟ್ಟುವಷ್ಟರಲ್ಲಿ ಒಂಬತ್ತು. ಪ್ರತಿ ಶನಿವಾರ ನಾನು ಹೋಗಿ ಮುಟ್ಟಿದಾಗ ನನ್ನ ವರ್ಗದ ನಲವತ್ತು ಹುಡುಗಿಯರು ಹೆಡ್ ಮಾಸ್ತರರ ಎದುರು ಮಗ್ಗಿ ಒದರುತ್ತಿರುತ್ತಿದ್ದರು. ಅವರು ಸಜ್ಜನರು, ದೀಪಾವಳಿಯ ತನಕ ತಡೆದುಕೊಂಡರು. ರಜೆಗೆ ಮುಂಚೆ ಕರೆದು, “ಅಕ್ಕೋರ, ಸೂಟಿ ಮುಗದ ಮ್ಯಾಲ ಮೊದಲನೇ ಶನಿವಾರಾನೂ ತಡಾ ಆತಂದ್ರ ನಾ ಮ್ಯಾಲ ಬರೀಬೇಕಾಗತೈತಿ. ಮನಸ್ಸಿಗೆ ಹಚಗೋಬ್ಯಾಡ್ರಿ,” ಎಂದರು.

ನಾನು ಮನಸ್ಸಿಗೆ ಹಚ್ಚಿಕೊಂಡೆ. ಮನೆಯಲ್ಲಿ ನಾನು ಡಾಕ್ಟರರ ಹೆಂಡತಿ, ಇಂಥವರ ಸೊಸೆ. ಬಬಲೇಶ್ವರದ ಆ ತಗಡಿನ ಶಾಲೆಯಲ್ಲಿ ಮಾತ್ರ ನಾನು ಅಕ್ಕೋರು. ಕಪ್ಪು ಹಲಗೆಯ ಮುಂದೆ ನಿಂತಾಗ ನನ್ನ ಧ್ವನಿಯೇ ಬೇರೆ ಬರುತ್ತಿತ್ತು. ಅದು ಹೋದರೆ ನನ್ನಲ್ಲಿ ಉಳಿಯುವುದೇನು ಎಂದು ಯೋಚಿಸಿ ರೊಟ್ಟಿ ಬಡಿಯುತ್ತ ಅತ್ತಿದ್ದೇನೆ. ಅತ್ತೆ ನೋಡಿ, “ಹೊಗಿ ಭಾಳಾಗೈತಿ, ಆ ಹಸಿ ಕಟಗಿ ತಗಿ,” ಎಂದಿದ್ದರು.

ಉಪಾಯ ಹುಡುಕಿದ್ದು ನಮ್ಮವರು. ಮುಂಬೈಯಲ್ಲಿ ಓದುವಾಗ ಮೋಟರ್ ಸೈಕಲ್ಲಿನ ಪಕ್ಕಕ್ಕೆ ಒಂದು ಗಾಲಿಯ ಡಬ್ಬಿ ಜೋಡಿಸಿಕೊಂಡು ದಂಪತಿಗಳು ಅಡ್ಡಾಡುವುದನ್ನು ಕಂಡಿದ್ದರಂತೆ. ಮುಟ್ಟುವ ಹಾಗಿಲ್ಲ, ನಡ ಹಿಡಿಯುವ ಹಾಗಿಲ್ಲ, ಹೆಂಡತಿ ತನ್ನ ಡಬ್ಬಿಯಲ್ಲಿ ತಾನು ಗಂಭೀರವಾಗಿ ಕೂಡುತ್ತಾಳೆ. ಷರತ್ತು ಮುರಿಯುವುದಿಲ್ಲ, ಶನಿವಾರ ತಪ್ಪುವುದಿಲ್ಲ. ಊಟದ ಹೊತ್ತಿನಲ್ಲಿ ತಾಯಿಗೆ ವಿವರಿಸಿದರು: “ಅದಕ್ಕ ಸೈಡ್ ಕಾರು ಅಂತಾರ ಬೇ.”

ನಮ್ಮೂರಿನ ಕಿವಿಗೆ ಮರಾಠಿ, ಉರ್ದು ಎರಡರ ರೂಢಿಯೂ ಉಂಟು. ಸಾಡೇ ತೀನ್ ಎಂದರೆ ಮೂರೂವರೆ, ಸಾಡೇ ಚಾರ್ ಎಂದರೆ ನಾಲ್ಕೂವರೆ. ಎಲ್ಲಿ ಸಾಡೇ ಬಂತೋ ಅಲ್ಲಿ ಅರ್ಧ ಕೂಡಿತು. ಅತ್ತೆಗೆ ಕೇಳಿಸಿದ್ದು ಸಾಡೇ ಕಾರು. ಫಟಫಟಿಗೆ ಅರ್ಧ ಕಾರು ಕೂಡಿಸಿದ್ದು. ನೋಡಿದರೆ ಅರ್ಥ ತಪ್ಪೇನಲ್ಲ. ಮರುದಿನವೇ ಓಣಿಯಲ್ಲಿ, “ನಮ್ಮ ಹುಡುಗ ಸಾಡೇ ಕಾರ್ ತಗೊಳ್ಳಾಕತ್ತಾನ್ರಿ. ಪೂರಾ ಅಲ್ಲ, ಪೂರಾದ್ದು ನಮಗ ಯಾಕ ಬೇಕು?” ಎಂದು ವಿನಯದಿಂದ ಸುದ್ದಿ ಹಬ್ಬಿಸಿ ಬಂದರು. ಆ ವಿನಯದಲ್ಲಿ ಎಷ್ಟು ಜಂಭ ಇತ್ತೆಂಬುದನ್ನು ನಾನು ಅಭಿನಯಿಸಿ ತೋರಿಸಿದಾಗಲೆಲ್ಲ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಫಟಫಟಿಗೆ ಜೋಡಿ ಹುಡುಕಿ ನೋಡು ಎಂದು ಅದಕ್ಕೆ ಸೇರಿಸಬೇಕು. ನನ್ನನ್ನು ನೋಡಲು ಬಂದ ನಮ್ಮವರ ಮನೆಯ ಜನ ಅವಲಕ್ಕಿ ತಿಂದು ಮುಗಿಸುವಷ್ಟರಲ್ಲಿ ಒಪ್ಪಿಗೆ ಹೇಳಿದ್ದರು. ಈ ಜೋಡಿಗೆ ಇಡೀ ದೀಪಾವಳಿ ಸೂಟಿ ಹಿಡಿಯಿತು. ಯಾಕೆಂದರೆ ಆಯ್ಕೆಗೆ ನನ್ನ ಮಾವ ಬಂದರು.

ಮಾವ ಇರುತ್ತಿದ್ದುದು ನಿಡೋಣಿಯಲ್ಲಿ, ಹೊಲದ ಮೇಲೆ. ಸುತ್ತಲಿನ ಹಳ್ಳಿಗಳಲ್ಲಿ ಅವರ ಹೆಸರು ಎತ್ತಿನ ಜೋಡಿ ಕೂಡಿಸುವುದಕ್ಕೆ. ಒಂದು ಎತ್ತು ಇದ್ದವರು ಇನ್ನೊಂದನ್ನು ಕೊಳ್ಳುವ ಮೊದಲು ಮಾವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವರು ಸುಳಿ ನೋಡುವರು, ಹಲ್ಲು ನೋಡುವರು, ನಡಿಗೆ ನೋಡುವರು, ಕೊನೆಗೆ ಹೂಂ ಎನ್ನುವರು ಅಥವಾ ಸುಮ್ಮನೆ ರುಮಾಲು ಝಾಡಿಸಿ ಎದ್ದುಬಿಡುವರು. ಮಗ ಫಟಫಟಿಗೆ ಜೋಡಿ ಕಟ್ಟುತ್ತಾನೆಂದು ಕೇಳಿದ ಮೇಲೆ ಅವರು ಊರಲ್ಲಿ ನಿಲ್ಲುವುದು ಹೇಗೆ?

ನಮ್ಮವರ ಹತ್ತಿರ ಮೊದಲೇ ಒಂದು ಸಣ್ಣ ಫಟಫಟಿ ಇತ್ತು. ಮಾವ ಅದರ ಸುತ್ತ ಒಂದು ಸುತ್ತು ಬಂದು, ಸೀಟನ್ನು ಅಂಗೈಯಿಂದ ಒತ್ತಿ, “ಇನ್ನಾ ಹಾಲಹಲ್ಲಿನ ಹೋರಿ. ಇದರ ಹೆಗಲಿಗೆ ನೊಗಾ ಇಟ್ಟೀ ಅಂದ್ರ ಕಾಲ ಮಡಚತೈತಿ,” ಎಂದರು. ನಮ್ಮವರು ನಕ್ಕರು, ಆದರೆ ಸ್ಟೇಷನ್ ರಸ್ತೆಯ ಲಾಲಸಾಬ್ ಮಿಸ್ತ್ರಿಯೂ ಅದನ್ನೇ ಹೇಳಿದ. ಜೋರು ಓಡುವ ಗಾಡಿ ಬೇರೆ, ಭಾರ ಎಳೆಯುವ ಗಾಡಿ ಬೇರೆ. ಪಕ್ಕದ ಡಬ್ಬಿ ಎಳೆಯಲು ಮೂಲಂಗಿಯಂಥ ಚೌಕಟ್ಟು ಸಾಲದು, ನಿಧಾನಕ್ಕೆ ದಮ್ಮು ಕಟ್ಟುವ ದೊಡ್ಡ ಇಂಜಿನ್ನು ಬೇಕು. ಮುಂದೆ ಒಂದು ಅಂಗಡಿಯಲ್ಲಿ ಹೊಳೆಹೊಳೆಯುವ ಹೊಸ ಗಾಡಿ ನೋಡಿದರು. ನಮ್ಮವರಿಗೆ ಮನಸ್ಸಾಗಿತ್ತು. ಅದನ್ನು ಚಾಲೂ ಮಾಡಿಸಿ ಕೇಳಿದ ಮಾವ, “ಮಾರಿ ಛಂದೈತಿ. ಒದರತೈತಿ ಭಾಳ. ಒದರೂ ಎತ್ತು ಎಳ್ಯಾಂಗಿಲ್ಲ,” ಎಂದು ರುಮಾಲು ಝಾಡಿಸಿದರು.

ಕೊನೆಗೆ ಸಿಕ್ಕಿದ್ದು ಒಬ್ಬ ಗುತ್ತಿಗೆದಾರರ ಮನೆಯ ಹಳೆಯ ದೊಡ್ಡ ಗಾಡಿ. ಬಣ್ಣ ಹೋಗಿತ್ತು, ಸದ್ದು ಮಾತ್ರ ಗಂಭೀರ: ಡಬ್, ಡಬ್, ಡಬ್. ಇಂಜಿನ್ನು ನಡೆಯುತ್ತಿರುವಾಗಲೇ ಮಾವ ಅದರ ಟಾಂಕಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರು. “ಬಾಯಿಗೂಡೇತಿ, ಹಲ್ಲೆಲ್ಲಾ ಬಂದು ವಯಸ್ಸಾಗೇತಿ. ಹೆಗಲ ಗಟ್ಟಿ ಐತಿ. ಹೂಂ.”

ಹೂಂ ಬಂತು, ಗಾಡಿ ಮನೆಗೆ ಬಂತು. ಲಾಲಸಾಬ್ ಅದರ ಹಿಂದಿನ ಹಲ್ಲಿನ ಚಕ್ರ ತೆಗೆದು ಹೆಚ್ಚು ಹಲ್ಲಿನದು ಹಾಕಿದ. ಓಟ ಕಡಿಮೆಯಾದರೂ ಎಳೆತ ಹೆಚ್ಚುತ್ತದಂತೆ. ಮಾವ ಇದನ್ನು ಕೇಳಿ ಬೆರಗಾದರು. “ಎತ್ತಿಗೆ ಹಲ್ಲ ಹೆಚ್ಚಾದ್ರ ಮುಪ್ಪಂತೀವಿ. ಇದಕ್ಕ ಹಲ್ಲ ಹೆಚ್ಚಾದ್ರ ಶಕ್ತಿ ಬರತೈತೇನು! ಕಲಿಯುಗಪಾ.”

ಇನ್ನು ಡಬ್ಬಿ. ಅದು ವಿಜಾಪುರದಲ್ಲಿ ಸಿಗುವ ವಸ್ತುವಲ್ಲ. ಸೊಲ್ಲಾಪುರದಲ್ಲಿ ಯಾರೋ ಯುದ್ಧಕಾಲದ ಮಿಲಿಟರಿ ಸಾಮಾನು ಮಾರುತ್ತಾರೆಂದು ತಿಳಿದು ನಮ್ಮವರು ಕಾಗದ ಬರೆದರು. ಸೂಟಿ ಮುಗಿಯಲು ಎಂಟು ದಿನ ಇರುವಾಗ ರೈಲಿನಲ್ಲಿ ಬಂದು ಇಳಿಯಿತು. ಕೈಗಾಡಿಯ ಮೇಲೆ ಅದನ್ನಿಟ್ಟು ಸ್ಟೇಷನ್ ರಸ್ತೆಯುದ್ದಕ್ಕೂ ತಂದಾಗ ಓಣಿಯ ಹೆಂಗಸರೆಲ್ಲ ಹೊರಗೆ ಬಂದರು. ಹಸಿರು ಬಣ್ಣ, ಒಂದು ಗಾಲಿ, ದೋಣಿಯಂಥ ಮೂತಿ. “ಇದೇನ್ರಿ, ತೊಟ್ಲಾ?” ಎಂದು ಒಬ್ಬಾಕೆ ಕೇಳಿದಳು. “ತೊಟ್ಲಾ ಅಲ್ಲ, ಕಾರು. ಸಾಡೇ,” ಎಂದರು ಅತ್ತೆ.

ಮಾವ ಅದರ ಸುತ್ತ ಒಂದೇ ಸುತ್ತು ಬಂದರು. “ಇದು ಬಲಗೋಲಿಂದು,” ಎಂದರು.

ನೊಗದ ಎಡಕ್ಕೆ ಹೂಡುವ ಎತ್ತು ಎಡಗೋಲು, ಬಲಕ್ಕೆ ಹೂಡುವುದು ಬಲಗೋಲು. ಒಮ್ಮೆ ಒಂದು ಬದಿ ರೂಢಿಯಾದ ಎತ್ತನ್ನು ಇನ್ನೊಂದು ಬದಿಗೆ ಕಟ್ಟಿದರೆ ಅದು ಹೆಜ್ಜೆ ಕಿತ್ತಿಡುವುದಿಲ್ಲ. ಇದು ನಮ್ಮ ಕಡೆಯ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ತಗಡಿನ ಡಬ್ಬಿಗೆ ಎಂಥ ಗೋಲು? ನಮ್ಮವರು ನಕ್ಕರು. ಲಾಲಸಾಬ್ ನಕ್ಕ. ನಾನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಮಾವ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸಿದರು.

ಲಾಲಸಾಬ್ ಅದನ್ನು ಗಾಡಿಯ ಎಡಕ್ಕೆ ಹಚ್ಚಿ ನೋಡಿದ. ಹೊರಗೆ ಇರಬೇಕಾದ ಗಾಲಿ ಒಳಗೆ ಬಂದು ಫಟಫಟಿಗೆ ತಾಗಿತು. ಒಳಗೆ ಇರಬೇಕಾದ ಕೊಂಡಿಗಳು ಹೊರಗೆ ಹೋಗಿ ಓಣಿಯ ಗೋಡೆ ನೋಡಿದವು. ಯಾವುದೋ ದೇಶದಲ್ಲಿ ರಸ್ತೆಯ ಬಲಕ್ಕೆ ಓಡಾಡುವ ಜನ ಮಾಡಿದ ಡಬ್ಬಿ ಅದು. ಅಲ್ಲಿ ಅದನ್ನು ಬಲಕ್ಕೇ ಕಟ್ಟುತ್ತಾರೆ. “ಯಾವ ಕಡೆ ಆದ್ರೇನು, ಗಾಲಿ ಉಳ್ಳತೈತಿಲ್ಲೋ?” ಎಂದು ನಮ್ಮವರು ಬಲಕ್ಕೇ ಕಟ್ಟಿಸಿದರು.

ಅತ್ತೆ ಒಲ್ಲೆ ಎಂದರು. “ಹೆಂಡ್ತಿ ಅಂದ್ರ ಎಡಕಿನಕಿ. ಬಲಕ್ಕ ಕುಂದರಸಿದ್ರ ಮಂದಿ ಏನಂದಾರು?” ಮಂದಿ ಏನೆನ್ನುತ್ತಿದ್ದರೋ ತಿಳಿಯದು, ತಿಕೋಟಾ ರಸ್ತೆಯಲ್ಲಿ ಪರೀಕ್ಷೆಗೆ ಹೊರಟ ಕೂಡಲೇ ನನಗೆ ಬೇರೆಯದೇ ತಿಳಿಯಿತು. ಎಡಕ್ಕೆ ಓಡುವ ಗಾಡಿಯ ಬಲಕ್ಕೆ ಕೂತವರು ರಸ್ತೆಯ ನಟ್ಟನಡುವೆ ಇರುತ್ತಾರೆ. ಎದುರಿನಿಂದ ಬಂದ ಲಾರಿಯ ಗಾಲಿ ನನ್ನ ಕಿವಿಯ ಪಕ್ಕದಲ್ಲಿ ಉರುಳಿ ಹೋಯಿತು. ಆಮೇಲೆ ಕಣಿಕೆ ಹೇರಿದ ಚಕ್ಕಡಿಯೊಂದು ಬಂತು. ಜೋಳದ ದಂಟು ನನ್ನ ಮುಖವನ್ನು ಈ ಕಿವಿಯಿಂದ ಆ ಕಿವಿಯ ತನಕ ಸವರಿಕೊಂಡು ಹೋಯಿತು. ಮನೆಗೆ ಬಂದಾಗ ನನ್ನ ತುರುಬಿನಲ್ಲಿ ಒಂದು ಎಮ್ಮೆಗೆ ಸಾಕಾಗುವಷ್ಟು ಮೇವಿತ್ತು.

“ಇನ್ನ ಮ್ಯಾಲೆ ನಾ ಕುಂದರಾಂಗಿಲ್ಲ,” ಎಂದೆ. ಹೇಳಿದ ಮೇಲೆ ಶನಿವಾರ ನೆನಪಾಯಿತು. ನಾಲ್ಕು ದಿನ ಉಳಿದಿದ್ದವು.

ಆಗ ಮಾವ ಕಟ್ಟೆಯಿಂದ ಎದ್ದು ಬಂದರು. “ಗೋಲ ಬದಲಿ ಆಗಾಂಗಿಲ್ಲ. ತಿರುವಿ ಹೂಡಬೇಕು,” ಎಂದರು. ಅಂದರೆ ಡಬ್ಬಿಯ ಕೆಳಗಿನ ಗಾಲಿಯ ಚೌಕಟ್ಟನ್ನು ಹಿಂದುಮುಂದಾಗಿ ತಿರುಗಿಸಿದರೆ ಗಾ‍ಲಿ ತಾನಾಗಿ ಎಡಕ್ಕೆ ಹೋಗುತ್ತದೆ, ಕೊಂಡಿಗಳು ಬಲಕ್ಕೆ ಬರುತ್ತವೆ. ಮೇಲಿನ ಡಬ್ಬಿಯನ್ನು ಬಿಚ್ಚಿ ಮತ್ತೆ ಮುಂದಕ್ಕೆ ಮುಖ ಮಾಡಿ ಕೂರಿಸಿದರಾಯಿತು. ಲಾಲಸಾಬ್ ನಗಲು ಹೋದವನು ಅರ್ಧಕ್ಕೇ ನಿಲ್ಲಿಸಿದ. ಬೀಡಿ ಆರಿಸಿ ಸ್ವಲ್ಪ ಹೊತ್ತು ಚೌಕಟ್ಟನ್ನೇ ನೋಡಿದ. “ಮುತ್ಯಾ, ನೀವು ಮಿಸ್ತ್ರಿ ಆಗಬೇಕಿತ್ರಿ,” ಎಂದ. “ನೀ ಎತ್ತ ಕಟ್ಟಬೇಕಿತ್ತು,” ಎಂದರು ಮಾವ.

ಎರಡು ದಿನದಲ್ಲಿ ಡಬ್ಬಿ ಎಡಕ್ಕೆ ಬಂತು. ಆದರೆ ಈಗ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಮ್ಮವರು ಹಿಡಿಕೆಯನ್ನು ನೆಟ್ಟಗೆ ಹಿಡಿದರೂ ಇಡೀ ಗಾಡಿ ಎಡಕ್ಕೆ ಜಗ್ಗಿ ಜಗ್ಗಿ ಸಿಕ್ಕ ಸಿಕ್ಕ ಚಹಾದಂಗಡಿಗೆ ನುಗ್ಗಲು ನೋಡುತ್ತಿತ್ತು. ಮಾವ ಮತ್ತೆ ಕೂತು ನೋಡಿದರು. ರಂಟೆ, ಕುಂಟೆ, ಕೂರಿಗೆಗಳಿಗೆ ಬೆಣೆ ಬಡಿದು ಹದ ಮಾಡಿದ ಕೈ ಅದು. ಜಾಲಿಯ ತುಂಡೊಂದನ್ನು ಬಾಚಿಯಿಂದ ಕೆತ್ತಿ, ಫಟಫಟಿಗೂ ಡಬ್ಬಿಗೂ ನಡುವಿನ ಮೇಲಿನ ಕೊಂಡಿಯಲ್ಲಿ ಸಿಕ್ಕಿಸಿ ಎರಡು ಪೆಟ್ಟು ಹಾಕಿದರು. ಫಟಫಟಿ ಕೂದಲೆಳೆಯಷ್ಟು ಬಲಕ್ಕೆ ವಾಲಿ ನಿಂತಿತು. “ಎಡಕ್ಕ ಜಗ್ಗೂ ಜೋಡೀನ ಬಲಕ್ಕ ವಾಲಿಸಿ ನಿಲ್ಲಸಬೇಕು. ಆಗ ನಡೂಕ ನಡೀತೈತಿ.” ನಡೆಯಿತು. ಅದೇ ಬೆಣೆ ಇದು. ಮುಂದೆ ಲಾಲಸಾಬ್ ಆ ಜಾಗಕ್ಕೆ ಕಬ್ಬಿಣದ ತುಂಡು ಹಾಕಿದ ಮೇಲೆ ನಾನು ಇದನ್ನು ಮನೆಯೊಳಗೆ ತಂದಿಟ್ಟುಕೊಂಡೆ.

ಶುಕ್ರವಾರ ಸಂಜೆ ಕೊನೆಯ ಪರೀಕ್ಷೆ. ನಮ್ಮವರು ಒಬ್ಬರೇ ಸ್ಟೇಷನ್ ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಜಂಭದಿಂದ ಎಡಕ್ಕೆ ನಮ್ಮ ಓಣಿಗೆ ತಿರುಗಿದರು. ತಿರುವಿನಲ್ಲಿ ಖಾಲಿ ಡಬ್ಬಿಯ ಗಾಲಿ ಗೇಣುದ್ದ ನೆಲ ಬಿಟ್ಟು ಮೇಲೆದ್ದಿತು. ಓಣಿಯ ಹೆಂಗಸರು ಹೋ ಎಂದರು. ಗಾಡಿ ಮತ್ತೆ ಧೊಪ್ಪೆಂದು ಕೂತಿತು. ಮಾವ, “ಎಡಗೋಲು ಹಗೂರಾತು,” ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಆ ರಾದ್ಧಾಂತವನ್ನು ಅಷ್ಟಾಗಿ ಲೆಕ್ಕಕ್ಕಿಡಲಿಲ್ಲ. ನನ್ನ ತಲೆಯಲ್ಲಿ ಏಳೂವರೆಯ ಗಂಟೆಯೊಂದೇ ಬಡಿಯುತ್ತಿತ್ತು.

ಶನಿವಾರ ಮುಂಜಾನೆ. ನಾನು ಗಂಜಿ ಹಾಕಿದ ಸೀರೆ ಉಟ್ಟು, ಹಾಜರಿ ಪುಸ್ತಕ, ಕೊಡೆ ಹಿಡಿದು ಹೊರಗೆ ಬಂದೆ. ಬಂದು ನೋಡಿದರೆ ನನ್ನ ಸೀಟಿನಲ್ಲಿ ಅತ್ತೆ! ಇಳಕಲ್ ಸೀರೆ, ಮೂಗಿನಲ್ಲಿ ನತ್ತು, ತೊಡೆಯ ಮೇಲೆ ತವರಿಗೆಂದು ಕಟ್ಟಿದ ಕರ್ಚಿಕಾಯಿಯ ಗಂಟು. ಅತ್ತೆಯವರದು ತುಂಬಿದ ಮೈ. ಡಬ್ಬಿಯಲ್ಲಿ ಇನ್ನು ಒಂದು ಸೂಜಿಗೂ ಜಾಗವಿರಲಿಲ್ಲ.

“ನಾನೂ ಬರಾಕಿ. ಸಾಡೇ ಕಾರಿನ್ಯಾಗ ನಾ ಒಮ್ಮೆರೆ ಕುಂದರಬ್ಯಾಡೇನು?” ಎಂದರು, ನನ್ನ ಮುಖ ನೋಡದೆ.

ನಾನು ನಮ್ಮವರನ್ನು ನೋಡಿದೆ. ತಾಯಿಯೆದುರು ಬಾಯಿ ಬಿಡುವ ಗಂಡಸಲ್ಲ ಅವರು. ಹಿಡಿಕೆಯ ಮೇಲಿನ ಧೂಳು ಒರೆಸುತ್ತ ನಿಂತಿದ್ದರು. ಮಾವ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತಿದ್ದರು. ಒಳಗೆ ಗಡಿಯಾರ ಆರೂವರೆ ಬಡಿಯಿತು. ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಹಾಜರಿ ಪುಸ್ತಕವನ್ನು ಅತ್ತೆಯ ಗಂಟಿನ ಮೇಲೆ ಇಟ್ಟೆ. ಕೊಡೆಯನ್ನು ಅವರ ಕೈಗೆ ಕೊಟ್ಟೆ. ಸೆರಗು ಬಿಗಿದು ಫಟಫಟಿಯ ಹಿಂದೆ ಹತ್ತಿ ಕೂತು, ಗಂಡನ ನಡವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ.

“ನಡೀರಿ,” ಎಂದೆ.

ಇಡೀ ಓಣಿ ನೋಡಿತು. ಅತ್ತೆಯೂ ನೋಡಿದರು. ಬೇಡ ಎಂದರೆ ತಾವು ಇಳಿಯಬೇಕು. ಯಾವ ನಾಚಿಕೆ ತಪ್ಪಿಸಲೆಂದು ಗಾಡಿ ತಂದೆವೋ ಆ ನಾಚಿಕೆಯನ್ನು ಹದಿನೈದು ಮೈಲು ಡಬ್ ಡಬ್ ಎಂದು ಸಾರಿಕೊಂಡು, ಅದನ್ನು ಬೇಡವೆಂದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಬಬಲೇಶ್ವರದ ಕಟ್ಟೆಯ ಮೇಲೆ ಕೂತ ಅವರ ಅಣ್ಣ-ತಮ್ಮಂದಿರ ಮುಂದಿನಿಂದಲೇ ಹಾಯ್ದು ಹೋದೆವು. ಅತ್ತೆ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದಿದ್ದರು.

ಶಾಲೆ ಮುಟ್ಟಿದಾಗ ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ನಲವತ್ತು ಹುಡುಗಿಯರು ಬಾಗಿಲಿಗೆ ಓಡಿ ಬಂದು, “ಅಕ್ಕೋರು ಬಂದ್ರು, ಅಕ್ಕೋರು ಬಂದ್ರು!” ಎಂದು ಕೂಗಿ ಸಾಲಾಗಿ ನಿಂತು ಕೈ ಮುಗಿದರು. ಡಬ್ಬಿಯಿಂದ ಇಳಿಯಲು ಒದ್ದಾಡುತ್ತಿದ್ದ ಅತ್ತೆ ಅಲ್ಲೇ ನಿಂತು ನೋಡಿದರು. “ಇಷ್ಟೂ ಹುಡಿಗ್ಯಾರು ನಿನ್ನವೇನು?” ಎಂದು ಕೇಳಿದರು. ಕರ್ಚಿಕಾಯಿಯ ಗಂಟು ತವರುಮನೆಗೆ ಹೋಗಲಿಲ್ಲ, ಅಲ್ಲೇ ಹಂಚಿದರು. ಊರಿಗೆ ಬಸ್ಸಿನಲ್ಲಿ ಮರಳಿದರು.

ಮುಂದಿನ ಶನಿವಾರ ನನ್ನ ಸೀಟು ನನಗೆ ಬಿಟ್ಟುಕೊಟ್ಟರು. “ನನಗ ಆ ತೊಟ್ಲಾ ಒಲ್ಲೆವಾ, ನಡಾ ಹಿಡೀತು,” ಎಂದರು. ಬಿಟ್ಟುಕೊಟ್ಟರೂ ಪೂರ್ತಿ ಬಿಟ್ಟವರಲ್ಲ. ತಮ್ಮ ಹಳೆಯ ಸೀರೆಯ ತುಂಡುಗಳನ್ನು ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿದು, ಒಳಗೆ ಉಸುಕು ತುಂಬಿ, ಕಲ್ಲಿನಂಥ ಒಂದು ದೊಡ್ಡ ಗಂಟು ಮಾಡಿ ನನ್ನ ಕಾಲ ಬಳಿ ಇಟ್ಟರು. “ಕಾಲ ಇಡಾಕ ಇರಲಿ,” ಎಂದರು. ಕಾಲು ಚಾಚಲು ಜಾಗವೇ ಇಲ್ಲದ ಹಾಗಾಯಿತು. ತಾವು ಕೂಡದಿದ್ದರೂ ತಮ್ಮ ಸೀರೆಯಾದರೂ ಕಾರಿನಲ್ಲಿ ಕೂತಿರಲಿ ಎಂಬ ಹಟ ಎಂದು ನಾನು ಜನರೆದುರು ಹೇಳಿ ನಗಿಸುತ್ತಿದ್ದೆ.

ಆ ಗಾಡಿ ನಮ್ಮನ್ನು ಏಳು ವರ್ಷ ಹೊತ್ತಿತು. ನಾನು ಶಾಲೆಯಲ್ಲಿ ಇಳಿದ ಮೇಲೆ ನಮ್ಮವರು ತಿಕೋಟಾದ ದಾರಿ ಹಿಡಿಯುತ್ತಿದ್ದರು. ನನ್ನ ಸೀಟಿನಲ್ಲಿ ಮಮದಾಪುರದ ಕಾಲು ಮುರಿದ ಟಗರು, ಕೆಮ್ಮುವ ಆಡು, ಒಮ್ಮೆ ಒಂದು ಎಮ್ಮೆಗರು ಸವಾರಿ ಮಾಡಿವೆ. ಮುಂದಿನ ಸಲ ನಾನು ಹತ್ತುವ ಮೊದಲು ಹಿಕ್ಕೆ ಝಾಡಿಸಬೇಕಾಗುತ್ತಿತ್ತು. ನನಗೆ ಮತ್ತೆ ಊರಿಗೆ ವರ್ಗವಾದ ವರ್ಷ ಗಾಡಿಯನ್ನು ಕೊಟ್ಟುಬಿಟ್ಟೆವು.

ಇಷ್ಟು ಕಥೆ. ಅಕ್ಷತಾ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅತ್ತೆ ಕೊಡೆ ಅಡ್ಡ ಹಿಡಿದದ್ದನ್ನು ಮತ್ತೊಮ್ಮೆ ಮಾಡಿ ತೋರಿಸಿರೆಂದಳು. ನಾನು ಪೇಪರನ್ನೇ ಕೊಡೆ ಮಾಡಿಕೊಂಡು, “ಕಾರಿನ ಆಸೆ ನೋಡವ್ವಾ, ಸೊಸಿ ನೌಕರಿ ಹೋದ್ರೂ ಅಡ್ಡಿ ಇಲ್ಲ, ತಾ ಮೊದಲ ಕುಂದರಬೇಕು!” ಎಂದೆ.

ಆ ಪೇಪರಿನ ಇನ್ನೊಂದು ಹಾಳೆಯ ಹಿಂದೆ ನಮ್ಮವರು ಕೂತಿದ್ದರು. ತೊಂಬತ್ತರ ಹತ್ತಿರ ವಯಸ್ಸು, ಕಿವಿಯ ಮಷೀನು ಬೇಕಾದಾಗ ಮಾತ್ರ ಹಾಕುತ್ತಾರೆ. ಈ ಕಥೆ ಹೇಳುವಾಗ ಅವರೆಂದೂ ಹತ್ತಿರ ಕೂತವರಲ್ಲ. ತಾಯಿಯನ್ನು ನಗೆಗೀಡು ಮಾಡುತ್ತೇನೆಂದು ಎದ್ದು ಹೋಗುತ್ತಿದ್ದರು. ಈಗ ಏಳಲು ಬೇಸರ.

“ಆಸೆಕ್ಕಲ್ಲ ಬಿಡ ಅದು. ವಜನಕ್ಕ,” ಎಂದರು.

“ಏನ ವಜನರೀ?”

“ಹಿಂದಿನ ದಿನಾ ಓಣಿ ತಿರುವಿನ್ಯಾಗ ಗಾಲಿ ಎತ್ತಲಿಲ್ಲೇನು? ಅವ್ವ ನನ್ನ ಬಾಜೂಕ ಕರದು ಕೇಳಿದ್ಲು. ಖಾಲಿ ಇತ್ತಂತ ಎತ್ತಿತೋ, ಹಗೂರ ಮಂದಿ ಕುಂತ್ರೂ ಎತ್ತತೈತೋ ಅಂತ. ನೀ ಆಗ ಊದಿದ್ರ ಹಾರೂ ಹಂಗ ಇದ್ದಿ. ಎತ್ತಿದ್ರೂ ಎತ್ತೀತು ಅಂದೆ. ‘ಹಂಗಾರ ನಾಳೆ ನಾ ಕುಂದರತೇನಿ, ಆಕಿ ನಿನ್ನ ಹಿಂದ ಕುಂದರಲಿ. ಬಿದ್ರ ನಾ ಬೀಳತೇನಿ. ಆ ಹುಡಿಗಿ ಸಾಲಿಗೆ ಹೋಗೂದೈತಿ’ ಅಂದ್ಲು.”

ನಾನು ಪೇಪರು ಕೆಳಗಿಟ್ಟೆ.

“ಆ ಉಸುಕಿನ ಗಂಟು?”

“ಅದೂ ಅದಕ್ಕನ. ತಾ ಪ್ರತಿ ಶನಿವಾರ ಬರಾಕ ಆಗೂದಿಲ್ಲಂತ ಹೊಲದ್ಲು.”

“ನನಗ್ಯಾಕ ಹೇಳಲಿಲ್ರೀ ಮತ್ತ?”

“ಹೇಳಬ್ಯಾಡ ಅಂದಿದ್ಲು. ಗಾಲಿ ಏಳತೈತಿ ಅಂದ್ರ ನೀ ಅಂಜತಿ, ಗಾಡಿ ಹತ್ತಾಂಗಿಲ್ಲ, ಸಾಲಿ ಬಿಡತಿ ಅಂತ. ಆಮ್ಯಾಲ ನಾನೂ ಮರತೆ. ನಿನಗ ಗೊತ್ತೈತಿ ಅಂತ ತಿಳದಿದ್ದೆ.” ಅಷ್ಟು ಹೇಳಿ ಪೇಪರು ಮಗುಚಿದರು.

ನೋಡಿ, ಅರವತ್ತು ವರ್ಷ ಒಬ್ಬ ಹೆಂಗಸನ್ನು ಅಭಿನಯಿಸಿದೆ. ಆಕೆಯ ಜಂಭ, ಆಕೆಯ ನತ್ತು, ಆಕೆಯ ಕೊಡೆ, ಎಲ್ಲ ಬರುತ್ತಿತ್ತು ನನಗೆ. ಆಕೆ ನನ್ನ ಮುಖ ನೋಡದೆ ಯಾಕೆ ಮಾತಾಡಿದರೆಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಮಾವನ ಬೆಣೆಯನ್ನು ದೇವರ ಹಾಗೆ ಕಾಪಾಡಿದೆ. ಉಸುಕಿನ ಗಂಟನ್ನು ಏನು ಮಾಡಿದೆ ಗೊತ್ತೇ? ಗಾಡಿ ಕೊಟ್ಟ ದಿನ ಹೊಲಿಗೆ ಬಿಚ್ಚಿ ಉಸುಕನ್ನು ಹಿತ್ತಿಲಿಗೆ ಸುರಿದೆ, ಬಟ್ಟೆಯನ್ನು ನೆಲ ಒರೆಸಲು ಇಟ್ಟುಕೊಂಡೆ. ಅಷ್ಟು ಒತ್ತಾಗಿ ಯಾಕೆ ಹೊಲಿದಿದ್ದಾರೆಂದು ಗೊಣಗಿದ್ದೂ ನೆನಪಿದೆ. ಅತ್ತೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಅವರು ಹೋಗಿ ಈಗ ನಲವತ್ತು ವರ್ಷ. ತಪ್ಪಾಯಿತು ಎನ್ನಲು ಯಾರಿದ್ದಾರೆ?

ಬೆಣೆಯನ್ನು ಬಾಗಿಲ ಬುಡಕ್ಕೆ ಇಟ್ಟೆ. ಒಳಗೆ ಹೋಗಿ ಗಂಜಿ ಹಾಕಿದ ಸೀರೆಯೊಂದನ್ನು ಉಟ್ಟು ಬಂದೆ. ಅಕ್ಷತಾ ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಹೊರಟಿದ್ದಳು.

“ಕಾರಿನ ಕೀಲಿ ತಾ,” ಎಂದೆ.

“ಅಜ್ಜಿ, ನಿಮ್ಮ ಮೊಣಕಾಲು?”

“ಅದು ಹಂಗ ಇರತೈತಿ ಬಿಡು.”

ಈಗ ನನಗೆ ಅತ್ತೆಯಷ್ಟು ತೂಕವಿಲ್ಲ. ನಾನು ಕೂತರೆ ಯಾವ ಗಾಲಿಯೂ ನೆಲ ಹಿಡಿಯುವುದಿಲ್ಲ. ಆದರೂ ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತೆ. ಎದೆ ಡಬ್ ಡಬ್ ಎನ್ನುತ್ತಿತ್ತು, ಮುಖದ ಮೇಲೆ ಕಾಣಗೊಡಲಿಲ್ಲ. ಪಟ್ಟಿ ಬಿಗಿಯಲು ನನಗೆ ಬರಲಿಲ್ಲ, ಅವಳೇ ಬಿಗಿದಳು. ಗಾಡಿ ಚಾಲೂ ಮಾಡಿ ನನ್ನ ಕಡೆ ನೋಡಿದಳು. ನಾನು ಅವಳ ಮುಖ ನೋಡದೆ ರಸ್ತೆಯನ್ನೇ ನೋಡಿದೆ.

“ನಡಿ ಯವ್ವಾ,” ಎಂದೆ, “ನೀ ಸಾಲಿಗೆ ಹೋಗೂದೈತಿ.”

ಆಫೀಸಿಗೆ ಎನ್ನಬೇಕಿತ್ತು. ಅವಳು ತಿದ್ದಲಿಲ್ಲ, ನಿಧಾನವಾಗಿ ಓಣಿ ದಾಟಿಸಿ ತಿಕೋಟಾ ರಸ್ತೆಯ ಕಡೆಗೆ ತಿರುಗಿಸಿದಳು.